ನೇಗಿಲು ಮತ್ತು ಅಹಿಂಸೆ: ಬಂದಳಿಕೆಯ ನೆಲ ಎತ್ತುವ ಒಂದು ಧರ್ಮಪ್ರಶ್ನೆ

ಬೇಸಾಯವನ್ನೇ ನೆಚ್ಚಿ ಬದುಕುವ ಒಂದು ನಾಡು ಅಹಿಂಸೆಯನ್ನು ಪರಮಧರ್ಮವೆಂದು ಒಪ್ಪಿಕೊಂಡಾಗ ಅದರ ಮುಂದೆ ಸುಲಭವಾಗಿ ಬಿಡಿಸಲಾಗದ ತೊಡಕೊಂದು ಎದುರಾಗುತ್ತದೆ. ನೆಲವನ್ನು ಸೀಳದೆ ಬಿತ್ತನೆಯಿಲ್ಲ, ಸೀಳಿದ ನೆಲದಲ್ಲಿ ಎರೆಹುಳು, ಇರುವೆ, ಕಪ್ಪೆ ಮೊದಲಾದ ಜೀವಗಳು ಸಾಯದೆ ಇರುವುದಿಲ್ಲ, ಬಿತ್ತನೆಯಿಲ್ಲದೆ ಅನ್ನವಿಲ್ಲ, ಅನ್ನವಿಲ್ಲದಿದ್ದರೆ ಗೃಹಸ್ಥನೂ ಇಲ್ಲ, ಗೃಹಸ್ಥನು ನೀಡುವ ಆಹಾರದಿಂದಲೇ ದೇಹಧಾರಣೆ ಮಾಡುವ ಯತಿಯೂ ಇಲ್ಲ. ಹೀಗೆ ಅಹಿಂಸೆಯ ಅತ್ಯುನ್ನತ ಸಾಧಕನ ಬದುಕು ಕೂಡ ಕೊನೆಗೆ ನೇಗಿಲಿನ ಗುಳದ ಮೇಲೆಯೇ ನಿಂತಿರುತ್ತದೆ. ಈ ತೊಡಕನ್ನು ಗ್ರಂಥಗಳಲ್ಲಿ ಓದಿ ತಿಳಿಯಬಹುದು. ಆದರೆ ಅದು ಒಂದು ನಿರ್ದಿಷ್ಟ ನೆಲದ ಕೆರೆ, ಗದ್ದೆ, ಬಸದಿ, ಶಾಸನಗಳಲ್ಲಿ ಹೇಗೆ ರೂಪ ತಳೆಯಿತು ಎಂಬುದನ್ನು ನೋಡಲು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ, ಸೊರಬ ಸೀಮೆಗೆ ಹತ್ತಿರವಿರುವ ಬಂದಳಿಕೆಯಷ್ಟು ತಕ್ಕ ಸ್ಥಳಗಳು ಕಡಿಮೆ.

ನೆಲ ಮತ್ತು ನೀರು

ಬಂದಳಿಕೆಯ ಸುತ್ತಲಿನ ಸೀಮೆಯನ್ನು ಅರೆಮಲೆನಾಡು ಎಂದು ಕರೆಯುವುದು ರೂಢಿ. ಪಶ್ಚಿಮದಲ್ಲಿ ಸಹ್ಯಾದ್ರಿಯ ದಟ್ಟ ಕಾಡು ಮತ್ತು ಭಾರಿ ಮಳೆ, ಪೂರ್ವದಲ್ಲಿ ಹಿರೇಕೆರೂರಿನ ಕಡೆಗೆ ತೆರೆದುಕೊಳ್ಳುವ ಬಯಲುಸೀಮೆ. ಇವೆರಡರ ನಡುವೆ ತಗ್ಗು ದಿಣ್ಣೆಗಳೂ ಅವುಗಳ ಸಂದಿನಲ್ಲಿ ಹರಡಿಕೊಂಡ ಗದ್ದೆಬಯಲುಗಳೂ ಇರುವ ಈ ಪ್ರದೇಶದಲ್ಲಿ ಮಳೆ ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಂತೆ ಕಡಿಮೆಯಾಗುತ್ತ ಹೋಗುತ್ತದೆ. ಇಕ್ಕೇರಿಯ ಸಮೀಪ ಹುಟ್ಟುವ ವರದಾ ನದಿ ಸೊರಬ ಸೀಮೆಯನ್ನು ಹಾದು ಬನವಾಸಿಯ ಬದಿಯಲ್ಲಿ ಹರಿಯುತ್ತದೆ; ಸೊರಬದ ದಂಡಾವತಿ ವರದೆಯನ್ನು ಸೇರುತ್ತದೆ; ಹುಂಚದ ಕಡೆಯಿಂದ ಬರುವ ಕುಮುದ್ವತಿ ಶಿಕಾರಿಪುರ ಸೀಮೆಯನ್ನು ದಾಟಿ ಮಾಸೂರಿನ ಮದಗದ ಕೆರೆಯನ್ನು ತುಂಬಿ ತುಂಗಭದ್ರೆಯತ್ತ ಸಾಗುತ್ತದೆ. ಮಳೆಗಾಲದಲ್ಲಿ ನೀರು ಹೇರಳವಾಗಿದ್ದರೂ ಅದು ನಿಲ್ಲದೆ ಹರಿದುಹೋಗುವುದರಿಂದ ಇಲ್ಲಿ ಭತ್ತದ ಬೇಸಾಯ ನೆಲೆಯೂರಿದ್ದು ಕೆರೆಗಳಿಂದ. ಎರಡು ದಿಣ್ಣೆಗಳ ನಡುವೆ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸುವುದು, ಏರಿಯ ತಳದಲ್ಲಿ ತೂಬು ಇಟ್ಟು ಬೇಕಾದಾಗ ನೀರು ಬಿಡುವುದು, ಹೆಚ್ಚಾದ ನೀರು ಏರಿಯನ್ನು ಕೊರೆಯದಂತೆ ಒಂದು ಬದಿಯಲ್ಲಿ ಕೋಡಿ ತೆಗೆಯುವುದು, ಆ ಕೋಡಿಯ ನೀರು ಕೆಳಗಿನ ಊರಿನ ಕೆರೆಯನ್ನು ತುಂಬುವಂತೆ ನೋಡಿಕೊಳ್ಳುವುದು, ಇದು ಈ ಸೀಮೆಯ ಸರಣಿ ಕೆರೆಗಳ ಕ್ರಮ. ಮೇಲಿನ ಊರಿನ ಉದಾಸೀನ ಕೆಳಗಿನ ಊರಿನ ಗದ್ದೆಯನ್ನು ಒಣಗಿಸಬಲ್ಲದು, ಮೇಲಿನ ಏರಿ ಒಡೆದರೆ ಕೆಳಗಿನ ಏರಿಯೂ ಉಳಿಯದು; ಆದ್ದರಿಂದ ನೆರೆಹೊರೆಯ ಹೊಣೆ ಎಂಬುದು ಇಲ್ಲಿ ಉಪದೇಶವಾಗುವ ಮೊದಲೇ ನೀರಿನ ಹರಿವಿನಲ್ಲಿ ಅಡಗಿದ್ದ ಅನಿವಾರ್ಯ ನಿಯಮವಾಗಿತ್ತು.

ಕೆರೆಗೂ ಧರ್ಮಕ್ಕೂ ಇಲ್ಲಿರುವ ನಂಟು ಬಹು ಹಳೆಯದು. ಇದೇ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಸ್ತಂಭಶಾಸನ, ಅಂದರೆ ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಕವಿ ರಚಿಸಿದ 5ನೆಯ ಶತಮಾನದ ಸಂಸ್ಕೃತ ಕಾವ್ಯಶಾಸನ, ಮಯೂರಶರ್ಮನ ಕಥೆಗಾಗಿ ಇಂದು ಪ್ರಸಿದ್ಧವಾಗಿದೆ. ಆದರೆ ಅದನ್ನು ಬರೆಸಿದ ಮೂಲ ಸಂದರ್ಭ ಕಾಕುಸ್ಥವರ್ಮನು ಶಿವಾಲಯದ ಬಳಿ ಕಟ್ಟಿಸಿದ ಒಂದು ಕೆರೆ. ರಾಜವಂಶದ ಹೆಮ್ಮೆಯೆಲ್ಲ ಬಂದು ನಿಲ್ಲುವುದು ನೀರು ನಿಲ್ಲಿಸಿದ ಪುಣ್ಯಕಾರ್ಯದಲ್ಲಿ. ಅದಕ್ಕಿಂತಲೂ ಹಿಂದಿನ ಮಳವಳ್ಳಿಯ ಪ್ರಾಕೃತ ಸ್ತಂಭಶಾಸನದಲ್ಲಿ ಚುಟುಕುಲದ ಶಾತಕರ್ಣಿ ಮಳಪಳಿದೇವನಿಗೆ ಬಿಟ್ಟ ದತ್ತಿಯ ಉಲ್ಲೇಖವಿದೆ; ಅದೇ ಕಂಬದ ಮೇಲೆ, ಕೈಬಿಟ್ಟುಹೋಗಿದ್ದ ಹಿಂದಿನ ದತ್ತಿಯನ್ನು ಕದಂಬ ದೊರೆಯೊಬ್ಬನು ಮತ್ತೆ ಕೊಟ್ಟ ಸಂಗತಿಯೂ ದಾಖಲಾಗಿದೆ. ದತ್ತಿಯೆಂದರೆ ದೇವಾಲಯ, ಬಸದಿ, ಮಠ, ವಿದ್ಯಾಸ್ಥಾನಗಳ ನಿರ್ವಹಣೆಗಾಗಿ ಬಿಟ್ಟುಕೊಟ್ಟ ಭೂಮಿ ಅಥವಾ ಆದಾಯ. ಸೂರ್ಯಚಂದ್ರರು ಇರುವವರೆಗೆ ಎಂದು ಬರೆಸಿದರೂ ದತ್ತಿ ತನ್ನಷ್ಟಕ್ಕೆ ಉಳಿಯುವುದಿಲ್ಲ, ಅದನ್ನು ಮತ್ತೆ ಮತ್ತೆ ಕೊಡುತ್ತಿರಬೇಕು ಎಂಬ ತಿಳಿವಳಿಕೆ ಈ ನಾಡಿನ ಆರಂಭದ ದಾಖಲೆಗಳಲ್ಲಿಯೇ ಕಾಣುತ್ತದೆ.

ನಾಗರಖಂಡ ಎಪ್ಪತ್ತು

ಶಾಸನಗಳಲ್ಲಿ ಬಂದಣಿಕೆ ಎಂದೂ ಬಾಂಧವಪುರವೆಂದೂ ಕಾಣಿಸಿಕೊಳ್ಳುವ ಬಂದಳಿಕೆಯು ನಾಗರಖಂಡ ಎಪ್ಪತ್ತು ಎಂಬ ನಾಡಿನ ಮುಖ್ಯ ಪಟ್ಟಣವಾಗಿತ್ತು. ನಾಡಿನ ಹೆಸರಿನ ಮುಂದೆ ಬರುವ ಸಂಖ್ಯೆ ಅದರೊಳಗಿನ ಊರುಗಳ ಎಣಿಕೆಯನ್ನು ಸೂಚಿಸುತ್ತದೆ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ನಾಗರಖಂಡವು ಬನವಾಸಿ ಹನ್ನೆರಡು ಸಾವಿರ ಎಂಬ ದೊಡ್ಡ ಪ್ರಾಂತದ ಒಂದು ಭಾಗ. ಪ್ರಾಂತವನ್ನು ಮಹಾಸಾಮಂತರೋ ದಂಡನಾಯಕರೋ ಆಳುತ್ತಿದ್ದರೆ, ನಾಡಿನ ಮಟ್ಟದಲ್ಲಿ ನಾಳ್ಗಾವುಂಡರು, ಅಂದರೆ ನಾಡಿನ ಗೌಡರು, ಕಂದಾಯ, ರಕ್ಷಣೆ ಮತ್ತು ನ್ಯಾಯದ ಹೊಣೆ ಹೊತ್ತಿದ್ದರು. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ಹೊಯ್ಸಳರು, ಸೇವುಣರು ಒಬ್ಬರ ಬಳಿಕ ಒಬ್ಬರು ಈ ನೆಲದ ಮೇಲೆ ಅಧಿಕಾರ ನಡೆಸಿದರೂ, ಅವರ ಅಡಿಯಲ್ಲಿ ಬಂದಣಿಕೆಯನ್ನು ನೆಲೆಯಾಗಿಸಿಕೊಂಡ ಕದಂಬ ಮನೆತನವೊಂದು ಬಹುಕಾಲ ನಾಡನ್ನು ನಡೆಸಿತು. ಬಂದಳಿಕೆಯ ಶಾಸನವೊಂದು ಕುಂತಲ ದೇಶವನ್ನು ನವನಂದರೂ ಮೌರ್ಯರೂ ಆಳಿದರೆಂದು ನೆನೆಯುತ್ತದೆ. ಸೊರಬ ಸೀಮೆಯ ಇನ್ನೊಂದು ಶಾಸನ ನಾಗರಖಂಡವನ್ನು ಚಂದ್ರಗುಪ್ತನು ರಕ್ಷಿಸಿದನೆಂದು ಹೇಳುತ್ತದೆ. ನೂರಾರು ವರ್ಷಗಳ ಅನಂತರ ಬರೆದ ಈ ಮಾತುಗಳನ್ನು ನೇರ ಇತಿಹಾಸವೆಂದು ಎಣಿಸದಿದ್ದರೂ, ಕೆರೆ ಗದ್ದೆಗಳ ಈ ಸಣ್ಣ ನಾಡು ತನ್ನನ್ನು ಭರತಖಂಡದ ದೊಡ್ಡ ಕಥೆಯೊಳಗೆ ಇರಿಸಿಕೊಂಡು ನೋಡುತ್ತಿತ್ತು ಎಂಬುದಕ್ಕೆ ಅವು ಸಾಕ್ಷಿ. ಈ ಶಾಸನಗಳನ್ನು ಓದಿ ಲೋಕದ ಮುಂದಿಟ್ಟ ಶ್ರೇಯಸ್ಸು ಬಿ. ಎಲ್. ರೈಸ್ ಅವರದು, ಅವರ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟ (1902) ಶಿಕಾರಿಪುರವನ್ನೂ 8ನೆಯ ಸಂಪುಟ (1904) ಸೊರಬವನ್ನೂ ಒಳಗೊಂಡಿದೆ.

ಇಂದು ಬಂದಳಿಕೆಯಲ್ಲಿ ಉಳಿದಿರುವುದು ಪಟ್ಟಣದ ಅವಶೇಷ. ಹದಿನಾರನೆಯ ತೀರ್ಥಂಕರನಿಗೆ ಮೀಸಲಾದ ಶಾಂತಿನಾಥ ಬಸದಿ, ಮೂರು ಗರ್ಭಗೃಹಗಳು ಒಂದೇ ನವರಂಗಕ್ಕೆ ತೆರೆದುಕೊಳ್ಳುವ ತ್ರಿಮೂರ್ತಿ ದೇವಾಲಯ, ಬಾಗಿಲಿನ ಇಕ್ಕೆಲದ ಜಾಲಂಧ್ರಗಳಲ್ಲಿ ರಾಮಾಯಣ ಮತ್ತು ಮಹಾಭಾರತದ ಕಥಾಪ್ರಸಂಗಗಳನ್ನು ಕೊರೆದಿರುವ ಸೋಮೇಶ್ವರ ದೇವಾಲಯ, ಸಹಸ್ರಲಿಂಗ ದೇವಾಲಯ, ಬನಶಂಕರಿಯ ಗುಡಿ ಇವೆಲ್ಲ ಮರಗಿಡಗಳ ನಡುವೆ ಒಂದೇ ಆವರಣದ ನೆರೆಯವರಂತೆ ನಿಂತಿವೆ. ಪಟ್ಟಣದ ಸಂತೆ ಅಳಿಯಿತು, ಅರಸುಮನೆತನ ಅಳಿಯಿತು, ಬೇಸಾಯ ಮಾತ್ರ ನಿಲ್ಲಲಿಲ್ಲ. ಆದ್ದರಿಂದ ಈ ಕಲ್ಲುಗಳು ಒಂದು ಕಾಲದಲ್ಲಿ ಎದುರಿಸಿದ ಪ್ರಶ್ನೆಯೂ ಮುಗಿದ ಪ್ರಶ್ನೆಯಲ್ಲ.

ನೇಗಿಲಿನ ಹಿಂಸೆಯನ್ನು ಕುರಿತು ಶಾಸ್ತ್ರಗಳು

ಭಾರತದ ಧರ್ಮಚಿಂತನೆಯ ಮುಖ್ಯ ಧಾರೆಗಳೆಲ್ಲವೂ ಬೇಸಾಯದಲ್ಲಿರುವ ಹಿಂಸೆಯನ್ನು ಗುರುತಿಸಿವೆ. ಕಬ್ಬಿಣದ ಮೊನೆಯುಳ್ಳ ಮರವು ಭೂಮಿಯನ್ನೂ ಭೂಮಿಯಲ್ಲಿರುವ ಜೀವಿಗಳನ್ನೂ ಗಾಯಗೊಳಿಸುತ್ತದೆ ಎಂಬ ಕಾರಣಕ್ಕೆ ಮನುಸ್ಮೃತಿಯು ಕೃಷಿಯನ್ನು ನಿಂದ್ಯವೆನ್ನುತ್ತದೆ. ಬೌದ್ಧ ವಿನಯವು ಭಿಕ್ಷುಗಳು ನೆಲ ಅಗೆಯುವುದನ್ನು ದೋಷವೆಂದು ಎಣಿಸುತ್ತದೆ. ಜೈನ ಶ್ರಾವಕಾಚಾರ ಪರಂಪರೆಯ ಕೆಲವು ಗ್ರಂಥಗಳು ನೆಲವನ್ನು ಸೀಳುವ ವೃತ್ತಿಯನ್ನು ಗೃಹಸ್ಥನು ಬಿಡಬೇಕಾದ ಜೀವನೋಪಾಯಗಳ ಪಟ್ಟಿಯಲ್ಲಿ ಸೇರಿಸುತ್ತವೆ. ಶ್ರಾವಕಾಚಾರವೆಂದರೆ ಜೈನ ಗೃಹಸ್ಥರ ನಡವಳಿಕೆಯ ನಿಯಮಾವಳಿ. ಆದರೆ ಅದೇ ಜೈನ ಪರಂಪರೆಯಲ್ಲಿ ಇನ್ನೊಂದು ನೆನಪೂ ಇದೆ. ಆದಿತೀರ್ಥಂಕರನಾದ ವೃಷಭನಾಥನು ಕಲ್ಪವೃಕ್ಷಗಳು ಮಾಯವಾಗಿ ಹಸಿವಿನಿಂದ ಕಂಗೆಟ್ಟ ಪ್ರಜೆಗಳಿಗೆ ಬದುಕುವ ಆರು ದಾರಿಗಳನ್ನು ಕಲಿಸಿದನೆಂದೂ, ಅಸಿ, ಮಸಿ, ವಿದ್ಯೆ, ವಾಣಿಜ್ಯ, ಶಿಲ್ಪಗಳ ಜೊತೆಗೆ ಕೃಷಿಯೂ ಅವುಗಳಲ್ಲಿ ಒಂದೆಂದೂ ಜಿನಸೇನರ ಆದಿಪುರಾಣ ಹೇಳುತ್ತದೆ. ಬನವಾಸಿ ನಾಡನ್ನು ಅಕ್ಕರೆಯಿಂದ ನೆನೆದ ಪಂಪನು 941ರಲ್ಲಿ ಅದೇ ಕಥೆಯನ್ನು ಕನ್ನಡಕ್ಕೆ ತಂದನು. ಹೀಗೆ ಒಂದೇ ಧರ್ಮದಲ್ಲಿ ಕೃಷಿಯು ತೀರ್ಥಂಕರನು ಕೊಟ್ಟ ವಿದ್ಯೆಯೂ ಹೌದು, ಎಚ್ಚರದಿಂದ ದೂರವಿಡಬೇಕಾದ ಕೆಲಸವೂ ಹೌದು.

ಈ ಇಕ್ಕಟ್ಟನ್ನು ಜೈನ ಆಚಾರ್ಯರು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಎದುರಿಸಿದರು. ಕೊಲ್ಲಬೇಕೆಂದೇ ಸಂಕಲ್ಪಿಸಿ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ, ಗುಡಿಸುವುದು ಮೊದಲಾದ ಮನೆಗೆಲಸದಲ್ಲಿ ತಾನಾಗಿ ಘಟಿಸುವುದು ಆರಂಭೀ ಹಿಂಸೆ. ಜೀವನೋಪಾಯದ ವೃತ್ತಿಯಲ್ಲಿ ಆಗುವುದು ಉದ್ಯೋಗೀ ಹಿಂಸೆ. ಆತ್ಮರಕ್ಷಣೆ ಮತ್ತು ನಾಡಿನ ರಕ್ಷಣೆಯಲ್ಲಿ ಒದಗುವುದು ವಿರೋಧೀ ಹಿಂಸೆ. ಮೊದಲನೆಯದನ್ನು ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕು. ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ನೇಗಿಲಿನ ಹಿಂಸೆ ಮೂರನೆಯ ಬಗೆಗೆ ಸೇರುತ್ತದೆ. ರಾಷ್ಟ್ರಕೂಟರ ಸಾಮಂತರಾದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿದ್ದ ಸೋಮದೇವ ಸೂರಿ 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಇದಕ್ಕೊಂದು ಚುರುಕಾದ ನಿದರ್ಶನ ಕೊಡುತ್ತಾನೆ: ಬಲೆ ಬೀಸಿ ಕುಳಿತ ಮೀನುಗಾರನಿಗೆ ಒಂದು ಮೀನೂ ಸಿಕ್ಕದಿರಬಹುದು, ಆದರೂ ಅವನು ಪಾಪಕ್ಕೆ ಭಾಗಿ, ಉಳುವ ರೈತನ ನೇಗಿಲಿನ ಅಡಿಯಲ್ಲಿ ಜೀವಗಳು ಸಾಯುತ್ತವೆ, ಆದರೂ ಅವನು ಹಾಗೆ ಪಾಪಿಯಲ್ಲ, ಭೇದವಿರುವುದು ಮನಸ್ಸಿನ ಉದ್ದೇಶದಲ್ಲಿ.

ಈ ಸಮಾಧಾನ ಬೆಲೆಯುಳ್ಳದ್ದು, ಆದರೆ ಇಷ್ಟಕ್ಕೇ ನಿಂತರೆ ಅದು ಅತಿ ಸುಲಭವಾಗಿಬಿಡುತ್ತದೆ. ಉದ್ದೇಶವೊಂದೇ ಅಳತೆಗೋಲಾದರೆ, ಕೆಟ್ಟ ಉದ್ದೇಶವಿಲ್ಲದೆ ಮಾಡಿದ ಯಾವ ಹಾನಿಗೂ ಯಾರೂ ಹೊಣೆಗಾರರಾಗುವುದಿಲ್ಲ. ಆದ್ದರಿಂದಲೇ ತತ್ತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು ಮುಂದಿಡುತ್ತದೆ. ಪ್ರಮಾದವೆಂದರೆ ರಾಗದ್ವೇಷಗಳಿಗೆ ವಶವಾದ ಎಚ್ಚರಗೇಡಿತನ. ಪ್ರಮಾದದಿಂದ ಕೂಡಿದ ಮನಸ್ಸು, ಮಾತು, ಮೈಗಳ ಕ್ರಿಯೆಯಿಂದ ಪ್ರಾಣಕ್ಕೆ ಆಗುವ ಹಾನಿಯೇ ಹಿಂಸೆ. ಸೋಮದೇವನ ರೈತ ನಿರ್ದೋಷಿಯಾಗುವುದು ಕೊಲ್ಲುವ ಬಯಕೆ ಇಲ್ಲವೆಂಬುದರಿಂದ ಮಾತ್ರವಲ್ಲ, ತನ್ನ ಕೆಲಸದಲ್ಲಿ ಅವನು ಎಚ್ಚರವಾಗಿದ್ದಾಗ. ಎಚ್ಚರಕ್ಕೆ ಮಿತಿ ಬೇಕು. ಆದ್ದರಿಂದ ಗೃಹಸ್ಥನಿಗೆ ಪರಿಗ್ರಹ ಪರಿಮಾಣ ಎಂಬ ವ್ರತ, ಅಂದರೆ ಇಷ್ಟಕ್ಕಿಂತ ಹೆಚ್ಚು ಕೂಡಿಡುವುದಿಲ್ಲವೆಂಬ ಪ್ರತಿಜ್ಞೆ. ಉಪಾಸಕದಶಾಂಗ ಎಂಬ ಪ್ರಾಕೃತ ಆಗಮದಲ್ಲಿ ಆನಂದನೆಂಬ ಶ್ರಾವಕನು ಮಹಾವೀರನ ಮುಂದೆ ತನ್ನ ಹೊಲವನ್ನು 500 ನೇಗಿಲುಗಳಿಗೆ ಮಿತಿಗೊಳಿಸಿಕೊಳ್ಳುತ್ತಾನೆ. ಆ ಸಂಖ್ಯೆ ಸಣ್ಣದಲ್ಲ, ಆನಂದನು ಬಡವನೂ ಅಲ್ಲ. ಆದರೆ ನೇಗಿಲಿಗೂ ಒಂದು ಗಡಿ ಇರಬೇಕು, ಆ ಗಡಿಯನ್ನು ನೇಗಿಲಿನ ಒಡೆಯನೇ ಹಾಕಿಕೊಳ್ಳಬೇಕು ಎಂಬ ತತ್ತ್ವ ಅಲ್ಲಿ ಸ್ಪಷ್ಟವಾಗಿದೆ. ಮನುಸ್ಮೃತಿಯೂ ಇನ್ನೊಂದೆಡೆ ಇಂಥದೇ ಜಾಡು ಹಿಡಿಯುತ್ತದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ ಇವು ಗೃಹಸ್ಥನ ಮನೆಯ ಐದು ವಧಸ್ಥಾನಗಳು, ಅವುಗಳ ದೋಷ ಕಳೆಯಲು ಅತಿಥಿಗೂ ಪ್ರಾಣಿಗಳಿಗೂ ಅನ್ನ ನೀಡುವುದನ್ನು ಒಳಗೊಂಡ ಪಂಚಮಹಾಯಜ್ಞಗಳು. ತಪ್ಪಿಸಲಾಗದ ಹಾನಿಗೆ ಕೊಡುವಿಕೆಯೇ ಮರುನಡೆ ಎಂಬುದು ಈ ಪರಂಪರೆಗಳ ಒಮ್ಮತ.

ಜಕ್ಕಿಯಬ್ಬೆ: ಹಿಡಿದದ್ದು ಮತ್ತು ಬಿಟ್ಟದ್ದು

ಈ ತತ್ತ್ವವು ಒಬ್ಬ ವ್ಯಕ್ತಿಯ ಬದುಕಿನಲ್ಲಿ ಹೇಗೆ ನಡೆಯಿತು ಎಂಬುದಕ್ಕೆ ಬಂದಳಿಕೆಯ ಜಕ್ಕಿಯಬ್ಬೆಯ ಶಾಸನ ನಿದರ್ಶನ. ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲಕ್ಕೆ, ಎಂದರೆ 10ನೆಯ ಶತಮಾನದ ಆರಂಭಕ್ಕೆ ಸೇರುವ ಈ ಶಾಸನದ ಪ್ರಕಾರ, ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಆ ಸ್ಥಾನಕ್ಕೆ ಅವನ ಹೆಂಡತಿ ಜಕ್ಕಿಯಬ್ಬೆಯನ್ನೇ ನೇಮಿಸಲಾಯಿತು. ಆಗ ಬನವಾಸಿ ಪ್ರಾಂತವನ್ನು ಮಹಾಸಾಮಂತ ಕಲಿವಿಟ್ಟರಸನು ಆಳುತ್ತಿದ್ದನು. ಆಡಳಿತದಲ್ಲಿ ಸಮರ್ಥಳೂ ಜಿನಧರ್ಮದಲ್ಲಿ ಭಕ್ತಿಯುಳ್ಳವಳೂ ಆಗಿದ್ದ ಜಕ್ಕಿಯಬ್ಬೆ ನಾಡನ್ನು ಚೆನ್ನಾಗಿ ಕಾಪಾಡಿದಳೆಂದು ಶಾಸನ ಹೊಗಳುತ್ತದೆ. ಮುಂದೆ ದೇಹಕ್ಕೆ ರೋಗ ತಗುಲಿದಾಗ ಅವಳು ಲೋಕದ ಭೋಗಗಳಲ್ಲಿ ಸಾರವಿಲ್ಲವೆಂದು ತಿಳಿದು, ಮಗಳನ್ನು ಕರೆಸಿ ತನ್ನದೆಲ್ಲವನ್ನೂ ಅವಳಿಗೆ ಒಪ್ಪಿಸಿ, ಬಂದಣಿಕೆಯ ತೀರ್ಥದ ಬಸದಿಯಲ್ಲಿ ವ್ರತವನ್ನು ಕೈಗೊಂಡು ಪ್ರಾಣಬಿಟ್ಟಳು. ಈ ವ್ರತಕ್ಕೆ ಸಲ್ಲೇಖನವೆಂದು ಹೆಸರು. ತಪ್ಪಿಸಲಾಗದ ವಿಪತ್ತು, ಬರಗಾಲ, ಮುಪ್ಪು, ವಾಸಿಯಾಗದ ರೋಗ ಒದಗಿದಾಗ ಧರ್ಮದ ಸಲುವಾಗಿ ದೇಹವನ್ನು ಕ್ರಮಕ್ರಮವಾಗಿ ಬಿಡುವುದು ಎಂದು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಅದನ್ನು ವಿವರಿಸುತ್ತದೆ.

ಹೆಣ್ಣೊಬ್ಬಳು ನಾಡಿನ ಅಧಿಕಾರ ನಡೆಸಿದಳೆಂಬ ಕಾರಣಕ್ಕೆ ಈ ಶಾಸನವನ್ನು ಇತಿಹಾಸಕಾರರು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ, ಅದು ಸರಿಯೇ. ಆದರೆ ಧರ್ಮಪ್ರಶ್ನೆಯ ದೃಷ್ಟಿಯಿಂದ ನೋಡುವಾಗ ಗಮನ ಸೆಳೆಯುವುದು ಅವಳ ಬದುಕಿನ ಎರಡು ಘಟ್ಟಗಳ ಹೊಂದಾಣಿಕೆ. ನಾಳ್ಗಾವುಂಡಳಾಗಿ ಅವಳ ಕೆಲಸ ಉಳುವ ಊರುಗಳಿಂದ ಕಂದಾಯ ಎತ್ತುವುದು, ದನಗಳ್ಳರಿಂದ ಊರುಗಳನ್ನು ಕಾಯುವುದು, ಗಡಿಯ ವ್ಯಾಜ್ಯಗಳನ್ನು ಬಗೆಹರಿಸುವುದು. ಅಂದರೆ ಉದ್ಯೋಗೀ ಹಿಂಸೆಯನ್ನೂ ವಿರೋಧೀ ಹಿಂಸೆಯನ್ನೂ ದಿನದಿನವೂ ಹೊತ್ತು ನಡೆಯುವುದು. ಈ ಸೀಮೆಯಲ್ಲಿ ತುರುಗೋಳಿನಲ್ಲಿ, ಎಂದರೆ ದನಗಳ ಸುಲಿಗೆಯನ್ನು ತಡೆಯುವ ಕಾಳಗದಲ್ಲಿ, ಸತ್ತವರ ವೀರಗಲ್ಲುಗಳು ಹೇರಳವಾಗಿರುವುದನ್ನು ನೋಡಿದರೆ ನಾಡನ್ನು ಕಾಯುವುದೆಂದರೆ ಏನೆಂಬುದು ತಿಳಿಯುತ್ತದೆ. ಅವಳು ಅಹಿಂಸಾವ್ರತದ ಹೆಸರಿನಲ್ಲಿ ಆ ಹೊರೆಯನ್ನು ನಿರಾಕರಿಸಲಿಲ್ಲ. ಹೊತ್ತ ಹೊರೆಯೇ ತಾನೆಂದೂ ಭಾವಿಸಲಿಲ್ಲ. ಹಿಡಿಯಬೇಕಾದಾಗ ಹಿಡಿದು, ಬಿಡಬೇಕಾದ ಹೊತ್ತು ಬಂದಾಗ ಅಧಿಕಾರವನ್ನೂ ಆಸ್ತಿಯನ್ನೂ ಕೊನೆಗೆ ಅನ್ನವನ್ನೂ ಬಿಟ್ಟಳು. ಅನ್ನವನ್ನು ಬಿಡುವುದೆಂದರೆ ನೇಗಿಲಿನ ಮೇಲಿನ ತನ್ನ ಕಟ್ಟಕಡೆಯ ಬೇಡಿಕೆಯನ್ನು ಹಿಂತೆಗೆದುಕೊಳ್ಳುವುದು. ಸಲ್ಲೇಖನವು ಇಂದಿನ ಕಾನೂನಿನಲ್ಲಿ ಚರ್ಚೆಗೆ ಒಳಗಾಗಿರುವ ಆಚರಣೆ. ಆದರೆ ಬೇಸಾಯದ ನಾಡೊಂದರ ನಾಯಕಿಯ ಪಾಲಿಗೆ ಅದು ಬದುಕಿನುದ್ದಕ್ಕೂ ಲೋಕದಿಂದ ಪಡೆದದ್ದರ ಲೆಕ್ಕವನ್ನು ಮುಗಿಸುವ ಕ್ರಮವಾಗಿತ್ತೆಂದು ಓದಲು ಶಾಸನವೇ ಅವಕಾಶ ಕೊಡುತ್ತದೆ.

ಕೊಡುವಿಕೆಯ ವ್ಯವಸ್ಥೆ ಮತ್ತು ಅದರ ಮಿತಿ

ಎಲ್ಲರೂ ಜಕ್ಕಿಯಬ್ಬೆಯಂತೆ ಬಿಡಲಾರರು; ನಾಡು ಒಟ್ಟಾಗಿ ಬಿಡುವುದಕ್ಕೆ ಕಂಡುಕೊಂಡ ದಾರಿ ದತ್ತಿ. ದತ್ತಿಶಾಸನಗಳು ಸಾಮಾನ್ಯವಾಗಿ ಒಂದು ಕಟ್ಟಿನಲ್ಲಿ ಸಾಗುತ್ತವೆ: ಅರಸನ ಮತ್ತು ಸಾಮಂತನ ಹೆಸರು, ಕೊಟ್ಟವರ ಮತ್ತು ಪಡೆದ ಆಚಾರ್ಯನ ಗುರುಪರಂಪರೆ, ಕೊಟ್ಟ ಗದ್ದೆ ಎಷ್ಟು ಮತ್ತರು, ತೋಟ ಎಷ್ಟು ಕಮ್ಮ, ಅದನ್ನು ಯಾವ ಗಳೆಯಿಂದ ಅಳೆದದ್ದು, ನಾಲ್ಕು ದಿಕ್ಕಿನ ಗಡಿ ಯಾವ ಹಳ್ಳ, ಯಾವ ಮರ, ಯಾವ ಕೆರೆಯ ಏರಿ, ಮತ್ತು ಕೊನೆಯಲ್ಲಿ ದತ್ತಿಯನ್ನು ಕಿತ್ತುಕೊಂಡವನಿಗೆ ಶಾಪ. ಮತ್ತರು ಮತ್ತು ಕಮ್ಮ ಎಂಬುವು ಭೂಮಿಯ ಅಳತೆಗಳು. ಕೆರೆಯ ವಿಷಯದಲ್ಲಿ ಬಿತ್ತುವಟ್ಟ ಎಂಬ ವ್ಯವಸ್ಥೆಯಿತ್ತು. ಕೆರೆ ಕಟ್ಟಿಸಿದವರಿಗೆ ಅಥವಾ ಅದನ್ನು ಸುಸ್ಥಿತಿಯಲ್ಲಿ ಇಡುವವರಿಗೆ ಆ ಕೆರೆಯ ನೀರಿನಿಂದ ಬೆಳೆಯುವ ಭೂಮಿಯ ಒಂದು ಪಾಲನ್ನು ಬಿಡುವುದು ಅದರ ತಿರುಳು. ಇಲ್ಲಿ ಮೋಕ್ಷದ ಮಾತೂ ಹೂಳೆತ್ತುವ ಮಾತೂ ಒಂದೇ ಕಲ್ಲಿನ ಮೇಲೆ ಬರುತ್ತವೆ. ನೆಲದಿಂದ ಪಡೆದದ್ದರಲ್ಲಿ ಒಂದು ಪಾಲು ನೆಲದ ನೀರಿಗೆ, ಒಂದು ಪಾಲು ದೇವರಿಗೆ, ಒಂದು ಪಾಲು ಕಲಿಯುವವರಿಗೆ ಮತ್ತು ಹಸಿದವರಿಗೆ ಎಂಬ ಹಂಚಿಕೆ ನೇಗಿಲಿನ ಋಣವನ್ನು ತೀರಿಸುವ ಸಾಮುದಾಯಿಕ ಪ್ರಯತ್ನ.

ಈ ಹಂಚಿಕೆ ಒಂದೇ ಮತದೊಳಗೆ ನಿಲ್ಲಲಿಲ್ಲ. ಸೊರಬ ಸೀಮೆಯ ಕುಪ್ಪಟೂರಿನಲ್ಲಿ 11ನೆಯ ಶತಮಾನದ ಉತ್ತರಾರ್ಧದಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಪಾರ್ಶ್ವನಾಥ ಚೈತ್ಯಾಲಯವನ್ನು ಪದ್ಮನಂದಿ ಸಿದ್ಧಾಂತದೇವರಿಂದ ಪ್ರತಿಷ್ಠೆ ಮಾಡಿಸಿದಾಗ ಆ ಅಗ್ರಹಾರದ ಬ್ರಾಹ್ಮಣರೇ ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟರು. ಬಳ್ಳಿಗಾವೆಯಲ್ಲಿ 1065ರಲ್ಲಿ ದಂಡನಾಯಕ ರೂಪಭಟ್ಟಯ್ಯನು ಬೌದ್ಧ ವಿಹಾರವೊಂದನ್ನು ಕಟ್ಟಿಸಿದನು. ಅಲ್ಲಿನ ಕಾಳಾಮುಖ ಶೈವರ ಕೋಡಿಯಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಅಧ್ಯಯನದ ಜೊತೆಗೆ ಬಡವರಿಗೂ ಕುಂಟರು ಕುರುಡರಿಗೂ ಅನ್ನ ದೊರೆಯುತ್ತಿತ್ತೆಂದೂ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತೆಂದೂ 1162ರ ಶಾಸನ ವರ್ಣಿಸುತ್ತದೆ. 1182ರ ಹೊತ್ತಿಗೆ ಮಾಗುಡಿಯ, ಎಂದರೆ ಇಂದಿನ ಚಿಕ್ಕಮಾಗಡಿಯ, ರತ್ನತ್ರಯ ಬಸದಿಗೆ ವಸುಧೈಕಬಾಂಧವನೆಂಬ ಬಿರುದಿನ ರೇಚರಸನು ದತ್ತಿ ಬಿಟ್ಟನು. ಇದೆಲ್ಲದರಿಂದ ಆ ಕಾಲ ಕಲಹವಿಲ್ಲದ ಕಾಲವೆಂದು ಭ್ರಮಿಸಬೇಕಿಲ್ಲ. ಸಮೀಪದ ಅಬ್ಬಲೂರಿನ ಶಾಸನವೇ ಏಕಾಂತದ ರಾಮಯ್ಯನು ಜೈನರೊಡನೆ ಪಂಥ ಕಟ್ಟಿ ಗೆದ್ದು ಜಿನಬಿಂಬವನ್ನು ಒಡೆದ ಕಥೆಯನ್ನು ಹೇಳುತ್ತದೆ. ಮತಗಳ ನಡುವೆ ಜಗಳವೂ ಇತ್ತು, ಹಂಚಿಕೆಯೂ ಇತ್ತು. ಜಗಳ ನಡೆದದ್ದು ದೇವರ ಬಗೆಗೆ, ಹಂಚಿಕೆ ನಡೆದದ್ದು ಅನ್ನದ ಬಗೆಗೆ.

ಆದರೂ ದತ್ತಿಯ ವ್ಯವಸ್ಥೆಯಲ್ಲಿ ಒಂದು ಗಂಭೀರವಾದ ಕೊರತೆಯಿದೆ. ಶಾಸನಗಳು ಕೊಟ್ಟವನ ಹೆಸರನ್ನೂ ಪಡೆದವನ ಹೆಸರನ್ನೂ ಕೆತ್ತುತ್ತವೆ. ಕೊಟ್ಟ ಗದ್ದೆಯನ್ನು ಉತ್ತವನ ಹೆಸರು ಅಪರೂಪ. ನೆಲವನ್ನು ಸೀಳುವ ದೋಷ ಅವನ ಪಾಲಿಗೆ, ಆ ನೆಲವನ್ನು ದಾನ ಮಾಡಿದ ಪುಣ್ಯ ಒಡೆಯನ ಪಾಲಿಗೆ ಎಂಬ ಹಂಚಿಕೆ ನ್ಯಾಯವಾದುದಲ್ಲ. 12ನೆಯ ಶತಮಾನದ ಶರಣರು ಈ ಕೊರತೆಯನ್ನು ಕಂಡವರು. ಅಲ್ಲಮಪ್ರಭುವಿನ ಬಳ್ಳಿಗಾವೆಯೂ ಅಕ್ಕಮಹಾದೇವಿಯ ಉಡುತಡಿಯೂ ಇದೇ ಶಿಕಾರಿಪುರ ತಾಲ್ಲೂಕಿನವು. ಶರಣರ ಸಾಲಿನಲ್ಲಿ ಒಕ್ಕಲಿಗ ಮುದ್ದಣ್ಣನೆಂಬ ಬೇಸಾಯಗಾರನೂ ವಚನ ನುಡಿದನು. ಕಾಯಕ, ಅಂದರೆ ಮೈಮುರಿದು ಮಾಡುವ ಸತ್ಯಶುದ್ಧ ದುಡಿಮೆ, ಮತ್ತು ದಾಸೋಹ, ಅಂದರೆ ಆ ದುಡಿಮೆಯ ಫಲವನ್ನು ಅಹಂಕಾರವಿಲ್ಲದೆ ಹಂಚುವುದು, ಇವೆರಡನ್ನೂ ಒಬ್ಬನೇ ಮಾಡಬೇಕೆಂದು ಹೇಳಿದಾಗ ಶರಣರು ಉಳುವ ಕೈಯನ್ನೂ ಕೊಡುವ ಕೈಯನ್ನೂ ಒಂದುಗೂಡಿಸಿದರು. ಉಳುವವನು ಪಾಪಕ್ಕೆ ಮಾತ್ರ ಹಕ್ಕುದಾರ, ಪುಣ್ಯಕ್ಕಲ್ಲ ಎಂಬ ಹಳೆಯ ಭಾವನೆಯ ಬೇರನ್ನು ಇದು ಅಲುಗಿಸಿತು.

ತತ್ತ್ವದಲ್ಲಿ ಅಲುಗಿದ ಬೇರು ನೆಲದ ವ್ಯವಸ್ಥೆಯಲ್ಲಿ ಅಲುಗಲು ಶತಮಾನಗಳು ಬೇಕಾದವು. ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದ ನಡುವಿನಲ್ಲಿ ಮಣ್ಣಿನ ಗುಣ ಮತ್ತು ಬೆಳೆಯ ಪ್ರಮಾಣವನ್ನು ಪರೀಕ್ಷಿಸಿ ಕಂದಾಯವನ್ನು ಗೊತ್ತುಪಡಿಸಿದ ಶಿಸ್ತು ಎಂಬ ಪದ್ಧತಿ ವಸೂಲಿಗೆ ಒಂದು ಅಳತೆ ತಂದಿತು. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಗೇಣಿ ಅಳೆಯುವ ಕೊಳಗದ ಅನ್ಯಾಯವನ್ನು ಎದುರಿಸಿ ಸತ್ಯಾಗ್ರಹ ಹೂಡಿದರು. ಗೇಣಿಯೆಂದರೆ ಒಡೆಯನಿಗೆ ಉಳುವವನು ಅಳೆದುಕೊಡುವ ಪಾಲು. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾರ್ಥ ಇನಾಮು ರದ್ದತಿ ಕಾಯ್ದೆಯು ದೇವರ ಹೆಸರಿನ ಇನಾಮುಗಳನ್ನು ಕೊನೆಗೊಳಿಸಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಗಳು ಉಳುವವನನ್ನು ಭೂಮಿಯ ಒಡೆಯನನ್ನಾಗಿಸಿದವು. ಇದನ್ನು ಧರ್ಮದ ಹಿನ್ನಡೆಯೆಂದು ಕಾಣುವುದಕ್ಕಿಂತ, ದತ್ತಿಶಾಸನಗಳು ಹೆಸರಿಸದೆ ಬಿಟ್ಟವನನ್ನು ದಾಖಲೆಯಲ್ಲಿ ಹೆಸರಿಸಿದ ಧರ್ಮಕಾರ್ಯವೆಂದು ಕಾಣುವುದು ಸರಿ.

ಭೂಮಿ ಹುಣ್ಣಿಮೆ

ಶಾಸನಗಳ ಹೊರಗೆ ಬೆಳೆದ ಒಂದು ಉತ್ತರವೂ ಈ ಸೀಮೆಯಲ್ಲಿದೆ, ಅದನ್ನು ಉಳುವವರೇ ಕಂಡುಕೊಂಡದ್ದು. ಆಶ್ವಯುಜ ಮಾಸದ ಹುಣ್ಣಿಮೆಯನ್ನು ಸೊರಬ, ಸಾಗರ, ಶಿಕಾರಿಪುರದ ಕಡೆ ಭೂಮಿ ಹುಣ್ಣಿಮೆಯೆಂದು ಆಚರಿಸುತ್ತಾರೆ. ಆ ಹೊತ್ತಿಗೆ ಭತ್ತ ಹೊಡೆಯಾಗಿರುತ್ತದೆ, ಅಂದರೆ ತೆನೆ ಇನ್ನೂ ಎಲೆಯ ಕವಚದೊಳಗೆ ತುಂಬಿಕೊಳ್ಳುತ್ತಿರುತ್ತದೆ. ಆದ್ದರಿಂದ ಪೈರನ್ನು ತುಂಬು ಗರ್ಭಿಣಿಯೆಂದು ಭಾವಿಸಿ ಅವಳ ಬಯಕೆ ತೀರಿಸುವುದು ಹಬ್ಬದ ತಿರುಳು. ದೀವರು ಎಂಬ ಬೇಸಾಯಗಾರ ಸಮುದಾಯದ ಮನೆಗಳಲ್ಲಿ ಹೆಂಗಸರು ಹಬ್ಬಕ್ಕೆ ಮುಂಚೆಯೇ ಬಿದಿರಿನ ಬುಟ್ಟಿಗೆ ಸೆಗಣಿ ಮತ್ತು ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಿಂದ ಅದರ ಮೇಲೆ ಎಳೆಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ರಾತ್ರಿಯೆಲ್ಲ ಎಚ್ಚರವಿದ್ದು ಅಡುಗೆ ಮಾಡಿ, ನಸುಕಿನಲ್ಲಿ ಬುಟ್ಟಿಯನ್ನು ಹೊತ್ತು ಗದ್ದೆಗೆ ಹೋಗಿ, ಪೈರಿಗೆ ಹೂ ಮುಡಿಸಿ ಪೂಜಿಸಿ, ಬಗೆಬಗೆಯ ಸೊಪ್ಪುಗಳಿಂದ ಮಾಡಿದ ಹಚ್ಚಂಬಲಿಯನ್ನು ಗದ್ದೆಯ ತುಂಬ ಬೀರುತ್ತಾರೆ. ಬಳಿಕ ಮನೆಯವರೆಲ್ಲ ಗದ್ದೆಯ ಬದುವಿನ ಮೇಲೆ ಕುಳಿತು ಊಟ ಮಾಡುತ್ತಾರೆ.

ಈ ಆಚರಣೆಯಲ್ಲಿ ಅಡಗಿರುವ ವಿಚಾರವನ್ನು ಶಾಸ್ತ್ರದ ವಿಚಾರದ ಪಕ್ಕದಲ್ಲಿಟ್ಟು ತೂಗಬೇಕು. ಮನುಸ್ಮೃತಿಯ ಕಣ್ಣಿಗೆ ಭೂಮಿ ನೇಗಿಲಿನಿಂದ ಗಾಯಗೊಂಡವಳು. ಭೂಮಿ ಹುಣ್ಣಿಮೆಯ ಕಣ್ಣಿಗೆ ಅದೇ ಭೂಮಿ ಬಸುರಿಯಾದ ಮಗಳು, ಅವಳಿಗೆ ತವರು ಬಯಕೆಯೂಟ ಉಣಿಸುತ್ತದೆ. ಗಾಯಗೊಳಿಸಿದವನು ಮಾಡಬೇಕಾದದ್ದು ಪ್ರಾಯಶ್ಚಿತ್ತ. ಉಣಿಸಬೇಕಾದವನು ಮಾಡಬೇಕಾದದ್ದು ಆರೈಕೆ. ಶಾಸ್ತ್ರದ ದಾನ ಭೂಮಿಯಿಂದ ಪಡೆದದ್ದನ್ನು ಮೂರನೆಯವರಿಗೆ ಕೊಡುತ್ತದೆ. ಹಬ್ಬದ ಅಂಬಲಿ ಭೂಮಿಯಿಂದ ಪಡೆದದ್ದನ್ನು ಭೂಮಿಗೇ ಕೊಡುತ್ತದೆ. ಅದರಲ್ಲಿ ಹಕ್ಕಿಗೂ ಹುಳಕ್ಕೂ ಪಾಲಿದೆ. ಉಳುವವನು ಗದ್ದೆಯ ಸಣ್ಣ ಜೀವಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ, ತಾನು ಅವುಗಳ ನೆರೆಯವನೆಂದು ಒಪ್ಪಿಕೊಳ್ಳುವ ಈ ಎಚ್ಚರವೇ ತತ್ತ್ವಾರ್ಥಸೂತ್ರ ಕೇಳುವ ಅಪ್ರಮಾದಕ್ಕೆ ಅತಿ ಸಮೀಪದ್ದು.

ಉಣ್ಣುವವರ ಹೊಣೆ

ಇಷ್ಟನ್ನೂ ಕೂಡಿಸಿ ನೋಡಿದಾಗ ಬಂದಳಿಕೆಯ ಸೀಮೆ ಕೊಡುವ ಉತ್ತರ ಸ್ಪಷ್ಟವಾಗುತ್ತದೆ. ಬೇಸಾಯದ ನಾಡಿನಲ್ಲಿ ಅಹಿಂಸೆಯೆಂದರೆ ಕೈಗೆ ಮಣ್ಣು ಮೆತ್ತಿಕೊಳ್ಳದೆ ಇರುವುದಾಗಲಾರದು. ಅದು ಮಿತಿ ಹಾಕಿಕೊಳ್ಳುವುದು, ಪಡೆದದ್ದರಲ್ಲಿ ಪಾಲು ಹಿಂದಿರುಗಿಸುವುದು, ಹೊತ್ತು ಬಂದಾಗ ಬಿಡಲು ಸಿದ್ಧವಾಗಿರುವುದು, ಮತ್ತು ಇವೆಲ್ಲಕ್ಕೂ ಆಧಾರವಾಗಿ ಮಣ್ಣಿನಲ್ಲಿ ಏನು ನಡೆಯುತ್ತಿದೆ ಎಂಬುದರ ಬಗ್ಗೆ ಎಚ್ಚರವಾಗಿರುವುದು. ಆನಂದನ ವ್ರತ, ಕೆರೆಯ ಬಿತ್ತುವಟ್ಟ, ಜಕ್ಕಿಯಬ್ಬೆಯ ತ್ಯಾಗ, ಶರಣರ ದಾಸೋಹ, ದೀವರ ಹೆಂಗಸರ ಬುಟ್ಟಿ ಇವು ಬೇರೆ ಬೇರೆ ಕಾಲದ, ಬೇರೆ ಬೇರೆ ಜನರ ಮಾತುಗಳಾದರೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳು.

ಈ ಉತ್ತರ ಇಂದು ಹೆಚ್ಚು ತುರ್ತಾಗಿದೆ. ಶಿಕಾರಿಪುರ, ಸೊರಬದ ಭತ್ತದ ಗದ್ದೆಗಳು ಅಡಿಕೆ ತೋಟಗಳಿಗೂ ಬೆದ್ದಲು ಭೂಮಿ ಮೆಕ್ಕೆಜೋಳಕ್ಕೂ ಎಡೆ ಮಾಡಿಕೊಟ್ಟಿವೆ. ಕೊಳವೆಬಾವಿ ಬಂದಮೇಲೆ ಕೆರೆಯ ಹೂಳು ಊರಿನ ಚಿಂತೆಯಾಗಿ ಉಳಿದಿಲ್ಲ. ಕಳೆನಾಶಕ ಮತ್ತು ಕೀಟನಾಶಕಗಳು ನೇಗಿಲು ಎಂದೂ ಮಾಡದಿದ್ದಷ್ಟು ಹಾನಿಯನ್ನು ಕಣ್ಣಿಗೆ ಕಾಣದಂತೆ ಮಾಡುತ್ತವೆ. ಇದನ್ನು ಸೋಮದೇವನ ಅಳತೆಗೋಲಿನಿಂದ ನೋಡಿದರೆ ರೈತ ನಿರ್ದೋಷಿಯೇ, ಕೊಲ್ಲುವ ಸಂಕಲ್ಪ ಅವನದಲ್ಲ. ಪ್ರಮಾದದ ಅಳತೆಗೋಲಿನಿಂದ ನೋಡಿದರೆ ಹೊಣೆ ಅವನೊಬ್ಬನ ಮೇಲೆ ನಿಲ್ಲುವುದೂ ಇಲ್ಲ. ನೆಲ ಅಗೆಯದ ಭಿಕ್ಷುವೂ ಉಳದ ಯತಿಯೂ ಉಳುವವನ ಅನ್ನವನ್ನೇ ಉಂಡರು. ಅದಕ್ಕೆ ಪ್ರತಿಯಾಗಿ ಮಿತಾಹಾರ, ಮಿತಪರಿಗ್ರಹ, ಧರ್ಮೋಪದೇಶಗಳ ಕಠಿಣ ಕಟ್ಟುಪಾಡಿಗೆ ತಮ್ಮನ್ನು ಒಡ್ಡಿಕೊಂಡರು. ಇಂದು ನಗರಗಳಲ್ಲಿ ಉಳದೆ ಉಣ್ಣುವವರ ಸಂಖ್ಯೆ ಅಂದಿನ ಯತಿಗಳ ಸಂಖ್ಯೆಗಿಂತ ಎಷ್ಟೋ ಪಾಲು ಹೆಚ್ಚು, ಆದರೆ ಆ ಕಟ್ಟುಪಾಡು ಅವರಿಗಿಲ್ಲ. ಅಗ್ಗದ ಅನ್ನವನ್ನು ಬಯಸಿ, ಆ ಅಗ್ಗತನಕ್ಕಾಗಿ ಮಣ್ಣು, ನೀರು ಮತ್ತು ರೈತನ ಮೈ ತೆರುವ ಬೆಲೆಯನ್ನು ವಿಚಾರಿಸದೆ ಇರುವುದು ಪ್ರಮಾದದ ಅತ್ಯಂತ ವ್ಯಾಪಕವಾದ ರೂಪ. ಕೆರೆಯ ಹೂಳೆತ್ತುವುದು, ಬೆಳೆಗೆ ನ್ಯಾಯವಾದ ಬೆಲೆ ಕೊಡುವುದು, ಬೇಕಾದಷ್ಟನ್ನೇ ಬಳಸುವುದು ಇವು ಉಳುವವನ ಮೇಲೆ ತೋರುವ ಕರುಣೆಯಲ್ಲ. ಅವನ ನೇಗಿಲಿನ ಹಿಂಸೆಯಲ್ಲಿ ಪಾಲುದಾರರಾದ ಎಲ್ಲರೂ ತೀರಿಸಬೇಕಾದ ಋಣ. ಅಹಿಂಸೆಯನ್ನು ಕುರಿತ ಯಾವುದೇ ಗಂಭೀರ ವಿಚಾರ ಆರಂಭವಾಗಬೇಕಾದದ್ದು ಉಳುವವನನ್ನು ಪ್ರಶ್ನಿಸುವುದರಿಂದಲ್ಲ, ಉಣ್ಣುವವನು ತನ್ನನ್ನು ಪ್ರಶ್ನಿಸಿಕೊಳ್ಳುವುದರಿಂದ.